ಒಲೆಗೇರದ ಬಾಣಲೆ

ಒಂದು ಪ್ರಶ್ನೆಯಿಂದಲೇ ಆರಂಭಿಸೋಣ. ಅಡುಗೆಯ ಪಾತ್ರೆಯೊಂದನ್ನು ಅಡುಗೆ ಮಾಡುವ ಉದ್ದೇಶವೇ ಇಲ್ಲದೆ ಖರೀದಿಸುವುದು ಸರಿಯೇ? ಚಿನ್ನದ ಪಾತ್ರೆಯಲ್ಲ, ಬೆಳ್ಳಿಯ ಪಾತ್ರೆಯೂ ಅಲ್ಲ. ಕಪ್ಪಗಿನ, ಕೈಗೆ ಭಾರವಾದ ಎರಕದ ಕಬ್ಬಿಣದ ಬಾಣಲೆ. ನಮ್ಮ ಕಡೆ ಬೀಡಿನ ಕಾವಲಿ ಎನ್ನುತ್ತೇವಲ್ಲ, ಅದೇ ಲೋಹ. ಅಂತಹ ಹಳೆಯ ಬಾಣಲೆಗಳನ್ನು ನೂರಾರು ಡಾಲರು, ಕೆಲವೊಮ್ಮೆ ಸಾವಿರ ಡಾಲರಿಗೂ ಮಿಕ್ಕಿದ ಬೆಲೆ ತೆತ್ತು ಕೊಂಡು, ತೊಳೆದು, ಎಣ್ಣೆ ಹಚ್ಚಿ, ಗೋಡೆಗೆ ತೂಗುಹಾಕುವವರು ಅಮೇರಿಕದಲ್ಲಿ ಬಹಳ ಮಂದಿ ಇದ್ದಾರೆ. ಅವರಿಗೆ ಸಂಘಗಳಿವೆ, ವಾರ್ಷಿಕ ಸಮ್ಮೇಳನಗಳಿವೆ, ಬೆಲೆ ತಿಳಿಸುವ ಪುಸ್ತಕಗಳಿವೆ.

ನಿಮಗೆ ನಗು ಬಂದಿರಬಹುದು. ಆದರೆ ನಮ್ಮಲ್ಲೂ ಹಳೆಯ ನಾಣ್ಯ, ಅಂಚೆ ಚೀಟಿ, ಕೈಗಡಿಯಾರ ಕೂಡಿಡುವವರಿಲ್ಲವೇ? ಮದುವೆಗೆ ಬಂದ ಗಾಜಿನ ಪಾತ್ರೆಗಳನ್ನು ಶೋಕೇಸಿನಲ್ಲಿಟ್ಟು ಇಪ್ಪತ್ತು ವರ್ಷ ಯಾವ ಅತಿಥಿಗೂ ಅದರಲ್ಲಿ ಬಡಿಸದ ಮನೆಗಳಿಲ್ಲವೇ? ಪ್ರವೃತ್ತಿ ಒಂದೇ. ಕಬ್ಬಿಣದ ಬಾಣಲೆಯನ್ನೇ ಇಲ್ಲಿ ಚರ್ಚೆಗೆ ಎತ್ತಿಕೊಂಡದ್ದಕ್ಕೆ ಕಾರಣವಿದೆ. ಅಂಚೆ ಚೀಟಿಯ ಕೆಲಸ ಲಕೋಟೆ ತಲುಪಿದೊಡನೆ ಮುಗಿಯುತ್ತದೆ. ಪಿಂಗಾಣಿಯ ತಟ್ಟೆಯನ್ನು ಬಳಸಿದರೆ ಒಡೆಯಬಹುದು, ಬಣ್ಣ ಮಾಸಬಹುದು. ಅವನ್ನು ಕೂಡಿಡುವವನಿಗೆ ಒಂದು ನೆಪವಾದರೂ ಇದೆ. ಎರಕದ ಕಬ್ಬಿಣ ಹಾಗಲ್ಲ. ಅದು ಬಳಸಿದಷ್ಟೂ ಉತ್ತಮಗೊಳ್ಳುವ, ಬಳಸದೆ ಬಿಟ್ಟರೆ ತುಕ್ಕು ಹಿಡಿಯುವ ವಸ್ತು. ನೂರು ವರ್ಷ ದುಡಿದ ಬಾಣಲೆ ಇನ್ನೂ ನೂರು ವರ್ಷ ದುಡಿಯಬಲ್ಲದು. ಆದ್ದರಿಂದ ಇಲ್ಲಿ ಸಂಗ್ರಹಕಾರನ ಮುಂದಿರುವ ಪ್ರಶ್ನೆ ಹೆಚ್ಚು ನೇರವಾಗಿದೆ.

ಮೊದಲು ವಸ್ತುಸ್ಥಿತಿಯನ್ನು ತಿಳಿಯೋಣ. ಪೆನ್ಸಿಲ್ವೇನಿಯಾ ರಾಜ್ಯದಲ್ಲಿ ಈರೀ ಸರೋವರದ ದಡದ ಮೇಲೆ ಅದೇ ಹೆಸರಿನ ಊರಿದೆ. 1865ರಲ್ಲಿ, ಅಂದರೆ ಅಮೇರಿಕದ ಅಂತರ್ಯುದ್ಧ ಮುಗಿದ ವರ್ಷ, ಮ್ಯಾಥ್ಯೂ ಗ್ರಿಸ್‌ವೋಲ್ಡ್ ಎಂಬವರು ಸೆಲ್ಡನ್ ಮನೆತನದ ತಮ್ಮ ಬಂಧುಗಳ ಜೊತೆ ಸೇರಿ ಅಲ್ಲಿ ಒಂದು ಕಾರ್ಖಾನೆ ತೆರೆದರು. ಮೊದಲು ಅಲ್ಲಿ ತಯಾರಾದದ್ದು ಬಾಗಿಲಿನ ಬಿಜಾಗರಿಗಳು. ಬಾಣಲೆಗಳು ಅನಂತರ ಬಂದವು ಮತ್ತು ಅವುಗಳಿಂದಲೇ ಆ ಕಾರ್ಖಾನೆ ಹೆಸರುವಾಸಿಯಾಯಿತು. ಓಹಿಯೋ ರಾಜ್ಯದ ಸಿಡ್ನಿ ಎಂಬಲ್ಲಿ 1891ರಲ್ಲಿ ವ್ಯಾಗ್ನರ್ ಸಹೋದರರ ಕಾರ್ಖಾನೆ ಹುಟ್ಟಿತು. ಟೆನೆಸಿ ರಾಜ್ಯದ ಸೌತ್ ಪಿಟ್ಸ್‌ಬರ್ಗ್ ಎಂಬ ಸಣ್ಣ ಊರಿನಲ್ಲಿ 1896ರಲ್ಲಿ ಜೋಸೆಫ್ ಲಾಡ್ಜ್ ಎಂಬವರು ಮತ್ತೊಂದನ್ನು ಆರಂಭಿಸಿದರು. ಇಂತಹ ಇನ್ನೂ ಎಷ್ಟೋ ಕಾರ್ಖಾನೆಗಳಿದ್ದವು.

ಬಾಣಲೆ ತಯಾರಿಸುವ ಕ್ರಮ ಸರಳವಾದರೂ ಕಷ್ಟದ್ದು. ತೇವದ ಮರಳನ್ನು ಗಟ್ಟಿಯಾಗಿ ತುಂಬಿ ಅದರಲ್ಲಿ ಮಾದರಿಯ ಅಚ್ಚೊತ್ತಿ, ಆ ಪೊಳ್ಳಿಗೆ ಕರಗಿದ ಕಬ್ಬಿಣ ಸುರಿಯುತ್ತಾರೆ. ಆರಿದ ಮೇಲೆ ಮರಳನ್ನು ಒಡೆದು ಬಾಣಲೆಯನ್ನು ಹೊರತೆಗೆಯುತ್ತಾರೆ. ಪ್ರತಿಯೊಂದು ಬಾಣಲೆಗೂ ಹೊಸ ಅಚ್ಚು. ಅಂದಿನ ಒಳ್ಳೆಯ ಕಾರ್ಖಾನೆಗಳು ಅಷ್ಟಕ್ಕೇ ನಿಲ್ಲದೆ ಬಾಣಲೆಯ ಒಳಮೈಯನ್ನು ಉಜ್ಜಿ ನುಣುಪು ಮಾಡುತ್ತಿದ್ದವು. ಅಂದಿನ ಬಾಣಲೆಗಳು ಇಂದಿನವುಗಳಿಗಿಂತ ತೆಳುವಾಗಿದ್ದವು, ಹಗುರವಾಗಿದ್ದವು. ಇಂದಿನ ಸಾಮಾನ್ಯ ಬಾಣಲೆಯ ಒಳಮೈಯನ್ನು ಮುಟ್ಟಿ ನೋಡಿದರೆ ಸಣ್ಣ ಹರಳು ಹರಳಾಗಿರುತ್ತದೆ. ಉಜ್ಜುವ ಕೆಲಸವನ್ನು ಬಹುತೇಕ ತಯಾರಕರು ಕೈಬಿಟ್ಟಿದ್ದಾರೆ. ಆದ್ದರಿಂದ ಹಳೆಯದನ್ನು ಹುಡುಕುವವರೆಲ್ಲ ಕೇವಲ ಹುಚ್ಚರೆಂದು ತಿಳಿಯಬೇಡಿ. ಹಳೆಯದರಲ್ಲಿ ಕೆಲಸಗಾರನ ಶ್ರಮ ನಿಜವಾಗಿಯೂ ಹೆಚ್ಚಿದೆ.

ಕಾಲ ಬದಲಾಯಿತು. ಅಲ್ಯೂಮಿನಿಯಂ ಬಂತು, ತುಕ್ಕು ಹಿಡಿಯದ ಉಕ್ಕು ಬಂತು. 1938ರಲ್ಲಿ ಡ್ಯುಪಾಂಟ್ ಕಂಪೆನಿಯ ರಾಯ್ ಪ್ಲಂಕೆಟ್ ಎಂಬ ರಸಾಯನ ವಿಜ್ಞಾನಿ ಆಕಸ್ಮಿಕವಾಗಿ ಕಂಡುಹಿಡಿದ ಟೆಫ್ಲಾನ್ 1960ರ ದಶಕದಲ್ಲಿ ಅಮೇರಿಕದ ಅಡುಗೆಮನೆಗಳನ್ನು ಹೊಕ್ಕಿತು. ಈರೀಯ ಕಾರ್ಖಾನೆ ಅದಕ್ಕೂ ಮೊದಲೇ, 1957ರಲ್ಲಿ ಮುಚ್ಚಿಹೋಗಿತ್ತು. ಅಜ್ಜಿಯ ಬಾಣಲೆ ಅಟ್ಟಕ್ಕೆ ಹೋಯಿತು, ಕೊಟ್ಟಿಗೆಗೆ ಹೋಯಿತು, ಕೋಳಿಗೆ ನೀರಿಡುವ ಪಾತ್ರೆಯಾಯಿತು, ಗುಜರಿಗೆ ಹೋಯಿತು. ಅನಂತರ ಗಾಳಿ ಮತ್ತೆ ತಿರುಗಿತು. ಟೆಫ್ಲಾನ್ ಲೇಪದ ತಯಾರಿಕೆಯಲ್ಲಿ ಬಳಸುತ್ತಿದ್ದ ಒಂದು ರಾಸಾಯನಿಕದ ಬಗ್ಗೆ ಆತಂಕ ಹುಟ್ಟಿ, ಅಲ್ಲಿನ ದೊಡ್ಡ ಕಂಪೆನಿಗಳು 2015ರೊಳಗೆ ಅದನ್ನು ಕೈಬಿಡಲು ಒಪ್ಪಿಕೊಳ್ಳಬೇಕಾಯಿತು. ಜನರಿಗೆ ಅಜ್ಜಿಯ ಬಾಣಲೆ ನೆನಪಾಯಿತು. ಅಷ್ಟರಲ್ಲಿ 1995ರಲ್ಲಿ ಇ-ಬೇ ಆರಂಭವಾಗಿ ಮನೆಯಲ್ಲೇ ಕುಳಿತು ದೇಶದ ಯಾವ ಮೂಲೆಯ ವಸ್ತುವನ್ನಾದರೂ ಹರಾಜಿನಲ್ಲಿ ಕೂಗಬಹುದೆಂದಾಗಿತ್ತು. ಎರಡೂ ಸೇರಿ ಬೆಲೆ ಏರಿತು.

ಈಗ ಆ ಬೆಲೆಯ ಸ್ವರೂಪವನ್ನು ಸ್ವಲ್ಪ ನೋಡಿ. ಅಮೇರಿಕದ ಬಾಣಲೆಗಳಿಗೆ ನಂಬರುಗಳಿರುತ್ತವೆ. ಹಳೆಯ ಸೌದೆ ಒಲೆಗಳ ಮೇಲಿನ ತೂತಿನ ಅಳತೆಗೆ ಹೊಂದಿಕೊಂಡ ನಂಬರುಗಳವು. ಎಂಟನೆಯ ನಂಬರು ಸುಮಾರು ಹತ್ತೂವರೆ ಇಂಚಿನದು, ಒಂದು ಸಂಸಾರಕ್ಕೆ ಹೇಳಿ ಮಾಡಿಸಿದ್ದು. ಅದಕ್ಕೇ ಅದು ಅಸಂಖ್ಯವಾಗಿ ತಯಾರಾಯಿತು, ಇಂದಿಗೂ ಸುಲಭವಾಗಿ ಸಿಗುತ್ತದೆ, ಅಗ್ಗವಾಗಿದೆ. ಗ್ರಿಸ್‌ವೋಲ್ಡ್‌ನ ಹದಿಮೂರನೆಯ ನಂಬರಿನ ಬಾಣಲೆ ಮಾತ್ರ ಅಪರೂಪ, ಅದರ ಬೆಲೆ ಎಷ್ಟೋ ಪಟ್ಟು ಹೆಚ್ಚು. ಕಬ್ಬಿಣ ಒಂದೇ, ಕುಲುಮೆ ಒಂದೇ, ಕೆಲಸಗಾರರ ಕೈ ಒಂದೇ. ಮೊಟ್ಟೆ ಹುರಿದರೆ ರುಚಿಯೂ ಒಂದೇ. ವ್ಯತ್ಯಾಸವೆಂದರೆ, ಒಂದನ್ನು ಅಂದಿನ ಗೃಹಿಣಿಯರು ಮೆಚ್ಚಿ ಕೊಂಡರು, ಇನ್ನೊಂದನ್ನು ಅಷ್ಟಾಗಿ ಕೊಳ್ಳಲಿಲ್ಲ. ಅಂದು ಹೆಚ್ಚಿನವರಿಗೆ ಬೇಡವಾಗಿತ್ತು ಎಂಬುದೇ ಇಂದು ಅದು ಎಲ್ಲರಿಗೂ ಬೇಕಾಗಲು ಕಾರಣ! ಅಡಿಯಲ್ಲಿ ಜೇಡ ಮತ್ತು ಅದರ ಬಲೆಯ ಚಿತ್ರವಿರುವ ಗ್ರಿಸ್‌ವೋಲ್ಡ್ ಬಾಣಲೆಯೊಂದಿದೆ. ಸಂಗ್ರಹಕಾರರು ಅದಕ್ಕಾಗಿ ಪರಸ್ಪರ ಮುಗಿಬೀಳುತ್ತಾರೆ. ಅತ್ಯಂತ ದುರ್ಬಲವಾದ ಮನೆಗೆ ಪವಿತ್ರ ಕುರ್‌ಆನ್ ಉದಾಹರಣೆಯಾಗಿ ಕೊಡುವುದು ಜೇಡನ ಮನೆಯನ್ನು ಎಂಬುದು ಓದುಗರಿಗೆ ನೆನಪಿರಬಹುದು.

ಹಾಗೆಂದು ಸಂಗ್ರಹಕಾರನನ್ನು ಒಂದೇ ಮಾತಿನಲ್ಲಿ ದುಂದುಗಾರನೆಂದು ತಳ್ಳಿಹಾಕುವುದು ನ್ಯಾಯವಲ್ಲ. ಗುಜರಿಯವನ ತಕ್ಕಡಿಯಲ್ಲಿ ಕಿಲೋ ಲೆಕ್ಕದಲ್ಲಿ ತೂಗಿ ಕರಗಿಹೋಗಬೇಕಾಗಿದ್ದ ಎಷ್ಟೋ ಪಾತ್ರೆಗಳನ್ನು ಉಳಿಸಿದವನು ಅವನೇ. ತುಕ್ಕಿನ ಮುದ್ದೆಯಂತಿರುವ ಬಾಣಲೆಯನ್ನು ತಂದು ಅವನು ಮಾಡುವ ಕೆಲಸವನ್ನು ನೋಡಬೇಕು. ಮೊದಲು ಅದನ್ನು ಬೆರಳ ಗೆಣ್ಣಿನಿಂದ ಬಡಿದು ಕೇಳುತ್ತಾನೆ. ಗಂಟೆಯಂತೆ ನಾದ ಬಂದರೆ ಆರೋಗ್ಯವಂತ, ಬೊದ್ದು ಸದ್ದಾದರೆ ಎಲ್ಲೋ ಬಿರುಕಿದೆ. ಸಮತಟ್ಟಾದ ಕಲ್ಲಿನ ಮೇಲಿಟ್ಟು ಅಲುಗುತ್ತದೆಯೇ ಎಂದು ನೋಡುತ್ತಾನೆ. ಅವಸರಗಾರರು ಹಳೆಯ ಜಿಡ್ಡು ಸುಡಲೆಂದು ಬಾಣಲೆಯನ್ನು ನೇರ ಬೆಂಕಿಗೆಸೆಯುವುದುಂಟು. ಅದರಿಂದ ಲೋಹ ಡೊಂಕಾಗುತ್ತದೆ, ಕೆಂಪು ಕಲೆ ಕೂರುತ್ತದೆ, ಮತ್ತೆ ಸರಿಹೋಗುವುದಿಲ್ಲ. ಬಲ್ಲವನು ಕಾಸ್ಟಿಕ್ ಸೋಡ ಬೆರೆಸಿದ ನೀರಿನಲ್ಲಿ ದಿನಗಟ್ಟಲೆ ಮುಳುಗಿಸಿಡುತ್ತಾನೆ. ಅದು ಜಿಡ್ಡನ್ನು ತಿನ್ನುತ್ತದೆ, ಕಬ್ಬಿಣವನ್ನು ಮುಟ್ಟುವುದಿಲ್ಲ. ಕೈಗವಸು ಕಡ್ಡಾಯ. ಅಲ್ಯೂಮಿನಿಯಂ ಪಾತ್ರೆಯನ್ನು ಮಾತ್ರ ಅದರ ಹತ್ತಿರವೂ ತರಬಾರದು. ಹೊರಬಂದ ಬಾಣಲೆ ಬೂದಿಬಣ್ಣದ ಬರಿಯ ಲೋಹ. ಗಾಳಿಗೆ ಬಿಟ್ಟರೆ ನಿಮಿಷಗಳಲ್ಲೇ ತುಕ್ಕಿನ ಛಾಯೆ ಹಿಡಿಯುತ್ತದೆ. ಕೂಡಲೇ ಒಣಗಿಸಿ, ಎಣ್ಣೆಯನ್ನು ಸವರಿ, ಸವರಿದ್ದು ಕಾಣದಷ್ಟು ಒರೆಸಿ ತೆಗೆದು, ಇನ್ನೂರು ಡಿಗ್ರಿಗಿಂತ ಹೆಚ್ಚಿನ ಶಾಖದಲ್ಲಿ ಒಂದು ಗಂಟೆ ಕಾಯಿಸಬೇಕು. ಆ ತೆಳು ಎಣ್ಣೆ ಎಣ್ಣೆಯಾಗಿ ಉಳಿಯುವುದಿಲ್ಲ. ಅದರ ಕಣಗಳು ಒಂದಕ್ಕೊಂದು ಬೆಸೆದುಕೊಂಡು ಗಟ್ಟಿಯಾದ ಕಪ್ಪು ಪೊರೆಯಾಗುತ್ತದೆ. ಹೀಗೆ ಹಲವು ಬಾರಿ. ಕಾವಲಿ ಪಳಗಿಸುವುದು ಎಂದು ನಮ್ಮ ತಾಯಂದಿರು ಹೇಳುವುದು ಇದನ್ನೇ. ಅವರು ಈರುಳ್ಳಿಯ ಹೋಳಿನಿಂದ ಎಣ್ಣೆ ಸವರುತ್ತಿದ್ದರು, ರಸಾಯನಶಾಸ್ತ್ರ ಓದಿರಲಿಲ್ಲ, ಅಷ್ಟೆ.

ಅಮೇರಿಕದಲ್ಲಿ ನೆಲೆಸಿರುವ ನಮ್ಮ ಬಂಧುಗಳಿಗೆ ಇಲ್ಲಿ ಒಂದು ಸಂದೇಹ ಸಹಜ. ಅಲ್ಲಿನ ಹಳೆಯ ಬಾಣಲೆಗಳನ್ನು ಪಳಗಿಸಿದ್ದು ಬಹುಮಟ್ಟಿಗೆ ಹಂದಿಯ ಕೊಬ್ಬಿನಿಂದ. ಅಂತಹ ಪಾತ್ರೆ ಕೊಂಡು ಬಳಸಬಹುದೇ? ಇದೇ ಪ್ರಶ್ನೆಯನ್ನು ಹ. ಅಬೂ ಸಅಲಬಾ ಅಲ್‌ಖುಶನೀ(ರ) ಪ್ರವಾದಿವರ್ಯರ(ಸ) ಬಳಿ ಕೇಳಿದ್ದರು. ಗ್ರಂಥದವರ ನೆರೆಹೊರೆಯಲ್ಲಿ ವಾಸಿಸುತ್ತಿದ್ದ ಅವರಿಗೆ ಆ ಜನರು ತಮ್ಮ ಪಾತ್ರೆಗಳಲ್ಲಿ ಹಂದಿಮಾಂಸ ಬೇಯಿಸುತ್ತಿದ್ದುದು ತಿಳಿದಿತ್ತು. ಬೇರೆ ಪಾತ್ರೆ ಸಿಗುವುದಾದರೆ ಅದನ್ನೇ ಬಳಸಬೇಕು, ಸಿಗದಿದ್ದರೆ ಇವನ್ನೇ ತೊಳೆದು ಬಳಸಬಹುದು ಎಂಬುದು ಅವರಿಗೆ ದೊರೆತ ಉತ್ತರದ ಸಾರ. ಶುದ್ಧೀಕರಣದ ವಿಧಾನದ ಕುರಿತು ಕರ್ಮಶಾಸ್ತ್ರ ಪಂಥಗಳಲ್ಲಿ ಅಭಿಪ್ರಾಯಭೇದವಿರುವುದರಿಂದ ಬಲ್ಲವರಲ್ಲಿ ವಿಚಾರಿಸಿಕೊಳ್ಳುವುದು ಉತ್ತಮ. ಹಳೆಯ ಪೊರೆಯನ್ನು ಪೂರ್ತಿ ಕಿತ್ತು ಬರಿಯ ಲೋಹಕ್ಕೆ ತಂದ ಮೇಲೆ ಹಳೆಯ ಕೊಬ್ಬಿನ ಅಂಶ ಉಳಿಯುವುದಿಲ್ಲ ಎಂಬುದಂತೂ ವಸ್ತುಸ್ಥಿತಿ. ಅದಕ್ಕಿಂತ ಗಂಭೀರವಾದ ಇನ್ನೊಂದು ಅಪಾಯವಿದೆ. ಬಂದೂಕಿನ ಗುಂಡು ಮತ್ತು ಗಾಳದ ಭಾರ ಎರಕ ಹೊಯ್ಯಲು ಕೆಲವರು ಹಳೆಯ ಬಾಣಲೆಗಳಲ್ಲಿ ಸೀಸ ಕರಗಿಸುತ್ತಿದ್ದರು. ಸೀಸ ವಿಷ. ಅದು ತೊಳೆದರೆ ಹೋಗುತ್ತದೆಂದು ನಂಬಲಾಗದು. ಅನುಮಾನವಿದ್ದರೆ ಪರೀಕ್ಷಿಸಿ, ಸೀಸ ಕಂಡರೆ ಆ ಪಾತ್ರೆಯನ್ನು ಅಡುಗೆಯಿಂದ ದೂರವಿಡಿ.

ಇನ್ನು ಈ ಹವ್ಯಾಸದ ಅತ್ಯಂತ ಕಠಿಣವಾದ ಪ್ರಶ್ನೆಗೆ ಬರೋಣ. ಅದು ಬಾಣಲೆಯ ಪ್ರಶ್ನೆಯಲ್ಲ, ಮಾರುವವರ ಪ್ರಶ್ನೆ.

ಅಮೇರಿಕದಲ್ಲಿ ಮನೆಯ ಹಿರಿಯರು ತೀರಿಕೊಂಡಾಗ ಅಥವಾ ಮನೆ ಖಾಲಿ ಮಾಡುವಾಗ ಬೇಡವಾದ ಸಾಮಾನುಗಳನ್ನು ಅಂಗಳದಲ್ಲಿ ಹರಡಿ, ಬೆಲೆಯ ಚೀಟಿ ಅಂಟಿಸಿ ಮಾರುವ ರೂಢಿಯಿದೆ. ವಾರಾಂತ್ಯದ ಮುಂಜಾನೆ ಸಂಗ್ರಹಕಾರರು ಇಂತಹ ಅಂಗಳಗಳನ್ನು ಸುತ್ತುತ್ತಾರೆ. ಒಬ್ಬ ವಿಧವೆ ಪತಿಯ ಸಾಮಾನುಗಳ ನಡುವೆ ತನ್ನ ಅತ್ತೆಯ ಬಾಣಲೆಯನ್ನು ಐದು ಡಾಲರಿಗೆ ಇಟ್ಟಿದ್ದಾಳೆ ಎಂದುಕೊಳ್ಳಿ. ಸಂಗ್ರಹಕಾರ ಅದನ್ನು ಮಗುಚಿ ನೋಡುತ್ತಾನೆ. ಅಡಿಯಲ್ಲಿ ಜೇಡ! ಅವನ ಎದೆ ಬಡಿದುಕೊಳ್ಳುತ್ತದೆ, ಮುಖದಲ್ಲಿ ಏನನ್ನೂ ತೋರಿಸುವುದಿಲ್ಲ. ಐದು ಡಾಲರು ಕೊಟ್ಟು ಹೊರಟುಹೋಗುತ್ತಾನೆ. ಆ ಬಳಿಕ ಗೆಳೆಯರ ಮುಂದೆ ಈ ಕಥೆಯನ್ನು ವಿಜಯದ ಕಥೆಯಾಗಿ ಹೇಳುತ್ತಾನೆ. ಎಲ್ಲ ಬಗೆಯ ಸಂಗ್ರಹಕಾರರ ನಡುವೆಯೂ ಇಂತಹ ಕಥೆಗಳು ಬಹಳ ಪ್ರಿಯ.

ಅವನು ತಪ್ಪು ಮಾಡಿದನೇ? ಅವನ ಪರವಾಗಿ ಹೇಳಬಹುದಾದುದನ್ನು ಮೊದಲು ಹೇಳೋಣ. ಅವನು ಸುಳ್ಳು ಹೇಳಿಲ್ಲ. ಬೆಲೆ ನಿಗದಿಪಡಿಸಿದವಳು ಅವಳೇ. ಅವನ ಜ್ಞಾನ ಪುಕ್ಕಟೆಯಾಗಿ ಬಂದುದಲ್ಲ, ವರ್ಷಗಟ್ಟಲೆ ಓದಿ, ನೋಡಿ, ಎಷ್ಟೋ ಬಾರಿ ಖಾಲಿ ಕೈಯಲ್ಲಿ ಹಿಂದಿರುಗಿ ಗಳಿಸಿದ್ದು. ಜ್ಞಾನಕ್ಕೆ ಪ್ರತಿಫಲ ಸಿಗಬಾರದೇ? ಅವಳೂ ಯಾರನ್ನಾದರೂ ವಿಚಾರಿಸಬಹುದಿತ್ತಲ್ಲ?

ಈ ವಾದ ಪೊಳ್ಳಲ್ಲ. ಅಂಗಡಿ ಇಟ್ಟುಕೊಂಡು ಹಳೆಯ ವಸ್ತುಗಳನ್ನೇ ಮಾರುವ ವ್ಯಾಪಾರಿಯ ವಿಷಯದಲ್ಲಿ ಅದನ್ನು ನಾನೂ ಒಪ್ಪುತ್ತೇನೆ. ಅವನು ಮಾರುಕಟ್ಟೆಯಲ್ಲೇ ಕುಳಿತವನು, ಬೆಲೆ ತಿಳಿಯುವುದು ಅವನ ಉದ್ಯೋಗ. ಆದರೆ ವಿಧವೆಯ ಅಂಗಳ ಬೇರೆ. ಹಳ್ಳಿಗಳಿಂದ ಸರಕು ತರುವ ವ್ಯಾಪಾರಿ ತಂಡಗಳು ಪೇಟೆ ತಲುಪುವ ಮುನ್ನವೇ ದಾರಿಯಲ್ಲಿ ಎದುರುಗೊಂಡು ಸರಕು ಕೊಳ್ಳುವುದನ್ನು ಪ್ರವಾದಿವರ್ಯರು(ಸ) ನಿಷೇಧಿಸಿದ್ದರು. ಹಾಗೆ ಯಾರಾದರೂ ಕೊಂಡಿದ್ದರೆ ಮಾರಿದವನಿಗೆ ಪೇಟೆಗೆ ಬಂದು ಬೆಲೆ ತಿಳಿದ ಮೇಲೆ ವ್ಯವಹಾರವನ್ನು ಉಳಿಸಿಕೊಳ್ಳುವ ಅಥವಾ ಮುರಿಯುವ ಹಕ್ಕನ್ನು ನೀಡಿದ್ದರು. ಯೋಚಿಸಿ ನೋಡಿ. ದಾರಿಯಲ್ಲಿ ಎದುರುಗೊಂಡವನು ಸುಳ್ಳು ಹೇಳಿರಲೇಬೇಕೆಂದಿಲ್ಲ. ಬೆಲೆಗೆ ಇಬ್ಬರೂ ಒಪ್ಪಿರುತ್ತಾರೆ. ದಾರಿಗೆ ಹೋಗಿ ಕಾಯುವ ಶ್ರಮವನ್ನೂ ಅವನು ಪಟ್ಟಿರುತ್ತಾನೆ. ಹಾಗಿದ್ದೂ ನಿಷೇಧ ಬಂತು. ಏಕೆಂದರೆ ಒಬ್ಬನಿಗೆ ಪೇಟೆ ತಿಳಿದಿದೆ, ಇನ್ನೊಬ್ಬನಿಗೆ ತಿಳಿದಿಲ್ಲ, ಮತ್ತು ಮೊದಲನೆಯವನು ಎರಡನೆಯವನ ಆ ಅಜ್ಞಾನವನ್ನೇ ಹುಡುಕಿಕೊಂಡು ಹೋಗಿದ್ದಾನೆ. ಮುಂಜಾನೆ ಎದ್ದು ಅಂಗಳಗಳನ್ನು ಸುತ್ತುವವನು ಬಾಣಲೆಯನ್ನು ಹುಡುಕುತ್ತಿದ್ದಾನೆಯೇ, ಇಲ್ಲ ಬೆಲೆ ಅರಿಯದ ಕೈಯನ್ನು ಹುಡುಕುತ್ತಿದ್ದಾನೆಯೇ? ಇದಕ್ಕೆ ಅವನೇ ಉತ್ತರಿಸಬೇಕು.

ಕಾನೂನಿನ ದೃಷ್ಟಿಯಿಂದ ವಿದ್ವಾಂಸರ ನಡುವೆ ಭಿನ್ನಾಭಿಪ್ರಾಯವಿದೆ. ವಂಚನೆ ಇಲ್ಲದಿದ್ದರೆ ಬೆಲೆಯ ಅಂತರವೊಂದರಿಂದಲೇ ವ್ಯವಹಾರ ರದ್ದಾಗದು ಎಂಬುದು ಶಾಫಿಈ ಮತ್ತು ಹನಫೀ ಪಂಥಗಳ ಪ್ರಬಲ ನಿಲುವು. ಬೆಲೆ ಅರಿಯದೆ ಎದುರಿನವನನ್ನು ನಂಬಿ ವ್ಯವಹರಿಸಿದವನಿಗೆ, ಅಂತರ ವಿಪರೀತವಾಗಿದ್ದರೆ, ಮುರಿಯುವ ಹಕ್ಕಿದೆ ಎಂದು ಹಂಬಲೀ ವಿದ್ವಾಂಸರು ಹೇಳಿದ್ದಾರೆ. ಆದರೆ ವ್ಯವಹಾರ ರದ್ದಾಗುವುದಿಲ್ಲ ಎಂಬುದು ಒಂದು ಮಾತು, ಅದು ಸತ್ಯವಿಶ್ವಾಸಿಗೆ ಶೋಭಿಸುತ್ತದೆ ಎಂಬುದು ಬೇರೆಯೇ ಮಾತು. ಹ. ಜರೀರ್ ಬಿನ್ ಅಬ್ದುಲ್ಲಾ(ರ) ಅವರಿಗಾಗಿ ಅವರ ಸೇವಕ ಮುನ್ನೂರಕ್ಕೆ ಒಂದು ಕುದುರೆ ಕೊಂಡಾಗ, ನಿನ್ನ ಕುದುರೆ ಅದಕ್ಕಿಂತ ಹೆಚ್ಚು ಬಾಳುತ್ತದೆ ಎಂದು ಜರೀರರೇ ಮಾರುವವನಿಗೆ ತಿಳಿಸಿ, ಬೆಲೆಯನ್ನು ಏರಿಸುತ್ತಾ ಎಂಟುನೂರು ಕೊಟ್ಟರೆಂದು ವರದಿಯಾಗಿದೆ. ಪ್ರತಿಯೊಬ್ಬನಿಗೂ ಹಿತ ಬಯಸುವೆನೆಂದು ತಾನು ಪ್ರವಾದಿವರ್ಯರಿಗೆ(ಸ) ಪ್ರತಿಜ್ಞೆ ಮಾಡಿರುವೆ ಎಂಬುದು ಅವರು ಕೊಟ್ಟ ಕಾರಣ. ಕೊಳ್ಳುವವನೇ ಬೆಲೆ ಏರಿಸಿದ ಇಂತಹ ವ್ಯಾಪಾರವನ್ನು ಯಾವ ಪೇಟೆ ಕಂಡೀತು!

ಎಲ್ಲರೂ ಜರೀರ್(ರ) ಆಗಬೇಕೆಂದು ಒತ್ತಾಯಿಸಲಾಗದು. ಹರಾಜಿನಲ್ಲಿ ಸಿಗಬಹುದಾದ ಪೂರ್ಣ ಬೆಲೆಯನ್ನೇ ಅಂಗಳದಲ್ಲಿ ಕೊಡಬೇಕೆಂದೂ ನಾನು ಹೇಳುವುದಿಲ್ಲ. ಗುರುತಿಸುವ ಜ್ಞಾನ, ತೊಳೆಯುವ ಶ್ರಮ, ಕಾಣದ ಬಿರುಕಿನ ಅಪಾಯ ಇವೆಲ್ಲ ಕೊಳ್ಳುವವನದು, ಅದಕ್ಕೆ ಪಾಲು ಅವನಿಗೆ ಸಲ್ಲಬೇಕು. ಆದರೆ ಐದು ಡಾಲರಿಗೂ ಸಾವಿರ ಡಾಲರಿಗೂ ನಡುವಿನ ಅಂತರ ಶ್ರಮದ ಕೂಲಿಯಲ್ಲ. ಅಮ್ಮಾ, ಇದು ನೀವು ತಿಳಿದುದಕ್ಕಿಂತ ಬೆಲೆಬಾಳುವಂಥದ್ದು, ನಾನು ಇಷ್ಟು ಕೊಡಬಲ್ಲೆ, ಬೇಕಿದ್ದರೆ ಬೇರೆಯವರಲ್ಲೂ ವಿಚಾರಿಸಿ ಎನ್ನಲು ಎಷ್ಟು ಹೊತ್ತು ಬೇಕು? ಅವಳು ತಾನಾಗಿ ಇದಕ್ಕೇನಾದರೂ ಬೆಲೆಯುಂಟೇ ಎಂದು ಕೇಳಿದಾಗಲೂ ಹುಬ್ಬು ಹಾರಿಸಿ ಸುಮ್ಮನಾಗುವವನ ಬಗ್ಗೆ ಚರ್ಚೆಯೇ ಬೇಕಿಲ್ಲ. ಅದು ವಂಚನೆ.

ಇದು ದೂರದ ಅಮೇರಿಕದ ಮಾತೆಂದು ನೀವು ತಿಳಿಯಬೇಕಿಲ್ಲ. ನಮ್ಮ ಬೀದಿಗಳಲ್ಲಿ ಹಳೆಯ ಪಾತ್ರೆ, ಜರಿ ಸೀರೆಗೆ ಸ್ಟೀಲ್ ಪಾತ್ರೆ ಎಂದು ಕೂಗುತ್ತಾ ಬಂದವರಿಗೆ ತಾಮ್ರದ ಹಂಡೆ, ಹಿತ್ತಾಳೆಯ ಕೊಳಗ ಕೊಟ್ಟು ತೆಳು ಸ್ಟೀಲಿನ ಡಬ್ಬಿಗಳನ್ನು ಪಡೆದ ಅಜ್ಜಿಯಂದಿರು ಎಷ್ಟು ಮಂದಿಯಿಲ್ಲ? ಅಂಗಳದ ವಿಧವೆಯ ಸ್ಥಾನದಲ್ಲಿ ಅಂದು ಅವರಿದ್ದರು.

ಬೆಲೆ ಏರಿದೆಡೆಗೆ ಮೋಸವೂ ಬರುತ್ತದೆ. ಅಪರೂಪದ ಬಾಣಲೆಯನ್ನೇ ಮಾದರಿಯಾಗಿಟ್ಟು ಮರಳಿನಲ್ಲಿ ಹೊಸ ಎರಕ ಹೊಯ್ದು, ಕೃತಕವಾಗಿ ಹಳತು ಮಾಡಿ ಮಾರುವವರಿದ್ದಾರೆ. ಆದರೆ ಕಬ್ಬಿಣ ಅವರ ಗುಟ್ಟನ್ನು ಬಿಟ್ಟುಕೊಡುತ್ತದೆ. ಕರಗಿದ ಲೋಹ ಆರುವಾಗ ಸುಮಾರು ನೂರಕ್ಕೆ ಒಂದರಷ್ಟು ಕುಗ್ಗುತ್ತದೆ. ಆದ್ದರಿಂದ ನಕಲು ಮೂಲಕ್ಕಿಂತ ತುಸು ಚಿಕ್ಕದು. ಅಕ್ಷರಗಳ ಅಂಚು ಮಸುಕು, ಮೈ ಒರಟು. ಮೇಲೆ ಒಣ ಧಾನ್ಯ, ಒಳಗೆ ಒದ್ದೆ ಧಾನ್ಯ ಇಟ್ಟು ಮಾರುತ್ತಿದ್ದವನ ರಾಶಿಯೊಳಗೆ ಪ್ರವಾದಿವರ್ಯರು(ಸ) ಕೈಹಾಕಿ ನೋಡಿದ ಘಟನೆಯನ್ನು ನಾವೆಲ್ಲ ಕೇಳಿದ್ದೇವೆ. ಬಿರುಕನ್ನು ಬೆಸುಗೆ ಹಾಕಿ ಮೇಲೆ ಕಪ್ಪು ಪೊರೆ ಕೂರಿಸಿ ಮರೆಮಾಚುವುದು ಅದೇ ವರ್ಗದ ಕೆಲಸ. ಕೊಳ್ಳುವ ಇಚ್ಛೆಯಿಲ್ಲದೆ ಗೆಳೆಯನ ಸರಕಿಗೆ ಹರಾಜಿನಲ್ಲಿ ಸುಳ್ಳು ಕೂಗು ಕೂಗಿ ಬೆಲೆ ಏರಿಸುವುದೂ ಸ್ಪಷ್ಟವಾಗಿ ನಿಷಿದ್ಧ. ಅದು ಪರದೆಯ ಮೇಲಿನ ಹರಾಜಾದರೂ ಅಷ್ಟೆ.

ಈಗ ಮೊದಲ ಪ್ರಶ್ನೆಗೆ ಹಿಂದಿರುಗೋಣ. ನ್ಯಾಯವಾಗಿ ಕೊಂಡು ತಂದ ಬಾಣಲೆಯನ್ನು ಒಲೆಗೇರಿಸದೆ ಇಟ್ಟುಕೊಳ್ಳಬಹುದೇ?

ಚೆಂದದ ವಸ್ತುವನ್ನು ಮೆಚ್ಚುವುದು ಅಹಂಕಾರವಲ್ಲ. ಒಳ್ಳೆಯ ಉಡುಪು, ಒಳ್ಳೆಯ ಪಾದರಕ್ಷೆ ಬಯಸುವವನ ಬಗ್ಗೆ ಪ್ರಶ್ನೆ ಬಂದಾಗ ಪ್ರವಾದಿವರ್ಯರು(ಸ) ಅದನ್ನು ಅಹಂಕಾರದಿಂದ ಬೇರ್ಪಡಿಸಿದ್ದರು. ಸತ್ಯವನ್ನು ತಿರಸ್ಕರಿಸುವುದು ಮತ್ತು ಜನರನ್ನು ಕೀಳಾಗಿ ಕಾಣುವುದು ಅಹಂಕಾರ ಎಂದು ವಿವರಿಸಿದ್ದರು. ಆದ್ದರಿಂದ ನುಣುಪಾದ ಬಾಣಲೆಯ ಮೇಲೆ ಕೈಯಾಡಿಸಿ ಸಂತೋಷಪಡುವವನನ್ನು ನಾವು ದೂರುವಂತಿಲ್ಲ. ಒಂದು ಪೀಳಿಗೆಯ ಕೆಲಸಗಾರರ ಕೈಚಳಕದ ಸಾಕ್ಷಿಯಾಗಿ ಕೆಲವು ತುಂಡುಗಳು ಉಳಿಯುವುದೂ ಅಗತ್ಯವೇ. ಸೌತ್ ಪಿಟ್ಸ್‌ಬರ್ಗ್‌ನಲ್ಲಿ ಲಾಡ್ಜ್ ಕಂಪೆನಿ 2022ರಲ್ಲಿ ಎರಕದ ಕಬ್ಬಿಣದ ವಸ್ತುಸಂಗ್ರಹಾಲಯವನ್ನೇ ತೆರೆದಿದೆ. ಅಲ್ಲಿ ಒಂದು ಬಾಣಲೆ ಗಾಜಿನ ಹಿಂದಿದ್ದರೆ ಸಾವಿರ ಜನ ನೋಡುತ್ತಾರೆ. ನೆಲಮಾಳಿಗೆಯಲ್ಲಿ ಮುನ್ನೂರು ಬಾಣಲೆ ಜೋಡಿಸಿಟ್ಟವನ ಲೆಕ್ಕ ಬೇರೆ. ನೋಡುವವನು ಅವನೊಬ್ಬನೇ.

ಇಲ್ಲಿ ನನ್ನನ್ನು ಹೆಚ್ಚು ಕಾಡುವುದು ಅಲ್‌ಮಾಊನ್ ಅಧ್ಯಾಯದ ಕೊನೆಯ ಪದ. ಆ ಅಧ್ಯಾಯಕ್ಕೆ ಹೆಸರು ಬಂದುದೂ ಅದರಿಂದಲೇ. ನಮಾಝಿನ ವಿಷಯದಲ್ಲಿ ಅಲಕ್ಷ್ಯ ತೋರುವವರ, ತೋರಿಕೆಗಾಗಿ ಕರ್ಮವೆಸಗುವವರ ಸಾಲಿನಲ್ಲೇ ಮಾಊನ್ ತಡೆಹಿಡಿಯುವವರ ಪ್ರಸ್ತಾಪವಿದೆ. ಏನದು ಮಾಊನ್? ಅದು ಝಕಾತ್ ಎಂದು ಹ. ಅಲೀ(ರ) ಮತ್ತು ಹ. ಇಬ್ನು ಉಮರ್(ರ) ಅವರಿಂದ ವ್ಯಾಖ್ಯಾನವಿದೆ. ಹ. ಇಬ್ನು ಮಸ್‌ಊದ್(ರ) ಕೊಟ್ಟ ವ್ಯಾಖ್ಯಾನ ಇನ್ನೂ ಅಡುಗೆಮನೆಗೆ ಹತ್ತಿರದ್ದು. ಕೊಡಲಿ, ಅಡುಗೆ ಪಾತ್ರೆ, ನೀರು ಸೇದುವ ಬಕೆಟ್ ಮೊದಲಾಗಿ ನೆರೆಹೊರೆಯವರು ಪರಸ್ಪರ ಎರವಲು ಕೊಟ್ಟು ಪಡೆಯುವ ಸಣ್ಣಪುಟ್ಟ ವಸ್ತುಗಳು. ಹೌದು, ಅಡುಗೆ ಪಾತ್ರೆ! ಪಾತ್ರೆ ಎಂಬುದು ಸ್ವಭಾವತಃ ಕೈಯಿಂದ ಕೈಗೆ ಹೋಗುವ ವಸ್ತು. ಪಕ್ಕದ ಮನೆಯಲ್ಲಿ ಅತಿಥಿಗಳು ಹೆಚ್ಚಾದರೆ ಗೋಡೆಯಾಚೆಗೆ ದಾಟುವ ವಸ್ತು. ಯಾವ ಕ್ಷಣದಲ್ಲಿ ಅದು ಎರವಲು ಕೊಡಲಾರದಷ್ಟು ಬೆಲೆಯುಳ್ಳದ್ದಾಯಿತೋ ಆ ಕ್ಷಣದಲ್ಲಿ ಅದು ಪಾತ್ರೆಯಾಗಿ ಉಳಿಯಲಿಲ್ಲ. ಉಳಿದದ್ದು ಬಾಣಲೆಯ ಆಕಾರದ ಹಣ ಮಾತ್ರ. ಹಣ ಕೂಡಿಟ್ಟು ಎಣಿಸುತ್ತಾ ಕೂರುವವನ ಕುರಿತು ಅಲ್‌ಹುಮಝ ಅಧ್ಯಾಯ ಏನು ಹೇಳುತ್ತದೆಂಬುದನ್ನು ನೀವು ಬಲ್ಲಿರಿ.

ಸಂರಕ್ಷಣೆಗೂ ಬಳಕೆಗೂ ವಿರೋಧವಿದೆ ಎಂದು ಹೇಳುವವರಿಗೆ ಬುಖಾರಿಯಲ್ಲಿ ವರದಿಯಾಗಿರುವ ಒಂದು ಬಟ್ಟಲಿನ ವೃತ್ತಾಂತವನ್ನು ನೆನಪಿಸಬಯಸುತ್ತೇನೆ. ಪ್ರವಾದಿವರ್ಯರು(ಸ) ಬಳಸಿದ ಮರದ ಬಟ್ಟಲೊಂದು ಹ. ಅನಸ್(ರ) ಅವರ ಬಳಿಯಿತ್ತು. ಅದು ಬಿರುಕು ಬಿಟ್ಟಿತ್ತು, ಬಿರುಕನ್ನು ಬೆಳ್ಳಿಯ ತಂತಿಯಿಂದ ಜೋಡಿಸಲಾಗಿತ್ತು. ಒಡೆದದ್ದನ್ನು ಎಸೆಯದೆ ರಿಪೇರಿ ಮಾಡಿಸಿದ್ದನ್ನು ಗಮನಿಸಿ. ಅದಕ್ಕೆ ಕಬ್ಬಿಣದ ಒಂದು ಬಳೆಯಿತ್ತು. ಅದರ ಬದಲು ಚಿನ್ನದ್ದೋ ಬೆಳ್ಳಿಯದ್ದೋ ಬಳೆ ತೊಡಿಸಲು ಅನಸ್(ರ) ಬಯಸಿದಾಗ, ಪ್ರವಾದಿವರ್ಯರು(ಸ) ಮಾಡಿಸಿದ್ದನ್ನು ಬದಲಾಯಿಸಬೇಡ ಎಂದು ಹ. ಅಬೂ ತಲ್ಹಾ(ರ) ತಡೆದರು. ಕಬ್ಬಿಣ ಕಬ್ಬಿಣವಾಗಿಯೇ ಉಳಿಯಿತು. ಮೂಲ ರೂಪವನ್ನು ಕಾಪಾಡುವ ಇದಕ್ಕಿಂತ ಉತ್ತಮ ಉದಾಹರಣೆ ಯಾವ ಸಂಗ್ರಹಕಾರನಿಗೆ ಬೇಕು? ಇನ್ನು ಮುಂದಿನದನ್ನು ಕೇಳಿ. ಮುಂದಿನ ಪೀಳಿಗೆಯ ಆಸಿಮ್ ಎಂಬವರು ತಾನು ಆ ಬಟ್ಟಲನ್ನು ನೋಡಿರುವೆನೆಂದು ಹೇಳಿ, ಅದರಲ್ಲಿ ಕುಡಿದಿರುವೆನೆಂದೂ ಹೇಳುತ್ತಾರೆ. ಜಗತ್ತಿನಲ್ಲಿ ಯಾವ ಬಟ್ಟಲಿಗಾದರೂ ಗಾಜಿನ ಪೆಟ್ಟಿಗೆ ಸಲ್ಲಬೇಕಿದ್ದರೆ ಅದ್ಯಾವುದೆಂದು ಹೇಳಬೇಕಿಲ್ಲ. ಆದರೂ ಬಂದವರು ಅದರಲ್ಲಿ ಕುಡಿಯುತ್ತಿದ್ದರು.

ಸಂತೋಷದ ಸಂಗತಿಯೆಂದರೆ ಸಂಗ್ರಹಕಾರರಲ್ಲೂ ಒಂದು ದೊಡ್ಡ ವರ್ಗ ತಮ್ಮ ಬಾಣಲೆಗಳಲ್ಲಿ ದಿನವೂ ಅಡುಗೆ ಮಾಡುತ್ತದೆ, ಬಿಡಿಸಿದ ಬಾಣಲೆಗಳನ್ನು ಹೊಸದಾಗಿ ಸಂಸಾರ ಹೂಡಿದವರಿಗೆ ಉಡುಗೊರೆ ಕೊಡುತ್ತದೆ. ಎಚ್ಚರದಿಂದ ಬಳಸಿದರೆ ಬೆಲೆಯೂ ಕುಂದುವುದಿಲ್ಲ. ತಣ್ಣನೆಯ ಬಾಣಲೆಯನ್ನು ಏಕಾಏಕಿ ಉರಿಬೆಂಕಿಗೆ ಇಡಬಾರದು, ಕಾದದ್ದಕ್ಕೆ ತಣ್ಣೀರು ಸುರಿಯಬಾರದು, ತೊಳೆದೊಡನೆ ಒಣಗಿಸಬೇಕು. ಇಷ್ಟೇ.

ಝಕಾತಿನ ಬಗ್ಗೆ ಒಂದು ಮಾತು. ಮನೆಬಳಕೆಯ ಪಾತ್ರೆಗೆ ಝಕಾತ್ ಇಲ್ಲ. ಆದರೆ ಬೆಲೆ ಏರಿದ ಮೇಲೆ ಮಾರುವ ಉದ್ದೇಶದಿಂದಲೇ ಕೊಂಡಿಟ್ಟಿದ್ದರೆ ಅದು ವ್ಯಾಪಾರದ ಸರಕು. ಪರಿಮಾಣ ತಲುಪಿ ವರ್ಷ ತುಂಬಿದಾಗ ಅಂದಿನ ಪೇಟೆಯ ಬೆಲೆಯ ಮೇಲೆ ಶೇಕಡಾ ಎರಡೂವರೆ ಕೊಡಬೇಕಾಗುತ್ತದೆ. ನನ್ನದು ಬರೀ ಹವ್ಯಾಸ ಎಂದು ಜನರಿಗೂ, ಇದು ಹೂಡಿಕೆ ಎಂದು ಹೆಂಡತಿಗೂ ಹೇಳುವವನು ಅಲ್ಲಾಹನ ಮುಂದೆ ಯಾವ ಉತ್ತರ ಕೊಡುವನೆಂದು ಮೊದಲೇ ತೀರ್ಮಾನಿಸಿಕೊಳ್ಳಲಿ.

ಕಡೆಯದಾಗಿ ವಾರಸಿನ ವಿಷಯ. ಅಮೇರಿಕದಲ್ಲಿ ಕಬ್ಬಿಣದ ಪಾತ್ರೆ ಹಿಂದಿನಿಂದಲೂ ಆಸ್ತಿಯೇ. ಅಲ್ಲಿನ ಮೊದಲ ಅಧ್ಯಕ್ಷ ಜಾರ್ಜ್ ವಾಷಿಂಗ್ಟನ್ನರ ತಾಯಿ ಮೇರಿ 1788ರಲ್ಲಿ ಬರೆಸಿದ ಉಯಿಲಿನಲ್ಲಿ ತಮ್ಮ ಅಡುಗೆಮನೆಯ ಕಬ್ಬಿಣದ ಸಾಮಾನುಗಳನ್ನು ಎರಡು ಪಾಲು ಮಾಡಿ ಮೊಮ್ಮಗನಿಗೊಂದು, ಮೊಮ್ಮಗಳಿಗೊಂದು ಬಿಟ್ಟಿದ್ದರು. ಇಂದು ಮುನ್ನೂರು ಬಾಣಲೆ ಕೂಡಿಟ್ಟವನ ಮಕ್ಕಳಿಗೆ ಯಾವುದು ಎಂಟಾಣೆಯದು, ಯಾವುದು ಸಾವಿರದ್ದು ಎಂಬುದು ತಿಳಿದಿರುವುದಿಲ್ಲ. ಅವನು ತೀರಿಕೊಂಡ ವಾರದಲ್ಲೇ ಎಲ್ಲವೂ ಅಂಗಳಕ್ಕೆ ಬರುತ್ತದೆ. ಬಿಟ್ಟುಹೋಗುವಂಥದ್ದೇನಾದರೂ ಇರುವವನು ಎರಡು ರಾತ್ರಿಯನ್ನೂ ಬರೆದಿಡದೆ ಕಳೆಯಬಾರದೆಂಬ ಪ್ರವಾದಿವರ್ಯರ(ಸ) ಸೂಚನೆ ಇಂತಹವನಿಗೂ ಅನ್ವಯಿಸುತ್ತದೆ. ಯಾವ ಊರಿನ ಎರಕ, ಯಾವ ನಂಬರು, ಅಂದಾಜು ಬೆಲೆ ಎಷ್ಟು, ಯಾರಲ್ಲಿ ವಿಚಾರಿಸಬೇಕು ಎಂದು ಒಂದು ಪುಸ್ತಕದಲ್ಲಿ ಬರೆದಿಟ್ಟು ಮನೆಯವರಿಗೆ ತೋರಿಸಿಡಲಿ. ಹಾಗೆ ಬರೆಯುವಾಗ ದಿನವೂ ಒಲೆಗೇರುವ ಬಾಣಲೆ ಯಾವುದೆಂಬುದನ್ನೂ ಗುರುತಿಸಿಡುವುದು ಒಳ್ಳೆಯದು. ಮಕ್ಕಳ ನಡುವೆ ಮಾತು ಬೆಳೆಯುವುದಾದರೆ ಹೆಚ್ಚಾಗಿ ಅದೊಂದಕ್ಕಾಗಿಯೇ ಬೆಳೆದೀತು.